ಅಬ್ಬಾನ ಸೈಕಲ್ ದಾರಿ

ಮಲೆನಾಡಿಗೆ ಸೈಕಲ್ ತಗೊಂಡು ಹೋಗುತ್ತೇವೆ ಎನ್ನುವವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ, 'ಲಾರಿ ಇಲ್ಲದ ದಾರಿ ಯಾವುದು?' ಎಂಬುದು. ಚಿಕ್ಕಮಗಳೂರಿನವರಾದ ನಮಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯಾವ ನಕ್ಷೆಯಲ್ಲೂ ಅಲ್ಲ, ಅಬ್ಬಾನ ಉಧಾರಿ ಪುಸ್ತಕದಲ್ಲಿ. ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ, ಅಂಚು ಇಲಿ ತಿಂದ ಪುಸ್ತಕ ಅದು. ಅದರಲ್ಲಿ ಸಾಲ ಕೊಟ್ಟವರ ಮತ್ತು ಪಡೆದವರ ಲೆಕ್ಕವಿದೆ. ಆದರೆ ಪುಟ ತಿರುವುತ್ತಾ ಹೋದರೆ ಬೆಟ್ಟದ ಒಂದು ಪೂರ್ತಿ ದಾರಿಯೇ ಅದರೊಳಗೆ ಮಲಗಿದೆ.

ನಾವು ಎಂದರೆ ಅಣ್ಣ ತಮ್ಮ ಇಬ್ಬರು. ಒಬ್ಬನಿಗೆ ಕಥೆ ಬರೆಯುವ ಚಟ, ಇನ್ನೊಬ್ಬನಿಗೆ ಲೆಕ್ಕ ಬರೆಯುವ ನೌಕರಿ. ಇಬ್ಬರೂ ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕುಳಿತು, ಆಮೇಲೆ ಕನ್ನಡ ಶಾಲೆಯ ಬೆಂಚಿಗೆ ಬಂದವರು. ಅಬ್ಬಾ ಅಷ್ಟೂ ಓದಿರಲಿಲ್ಲ. ಮದರಸಾದಲ್ಲಿ ಕಲಿತ ಅಕ್ಷರಗಳನ್ನೇ ಜೋಡಿಸಿ, ತನಗೆ ಗೊತ್ತಾಗುವಷ್ಟು ಬರೆದುಕೊಳ್ಳುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಅವರು ಅಟ್ಲಾಸ್ ಸೈಕಲ್ಲಿನ ಕ್ಯಾರಿಯರಿಗೆ ಬಟ್ಟೆಯ ಗಂಟು ಬಿಗಿದು ಕಾಫಿ ತೋಟದ ಲೈನು ಮನೆಗಳಿಗೆ ಸೀರೆ, ಲುಂಗಿ, ರವಿಕೆ ಕಣ, ಟವಲು ಮಾರಿದರು. ವಾರದ ಬಟವಾಡೆಯ ದಿನ ನೋಡಿಕೊಂಡು ಹೋಗುವುದು, ಅರ್ಧ ಹಣ ಪಡೆಯುವುದು, ಉಳಿದದ್ದನ್ನು ಬರೆದುಕೊಳ್ಳುವುದು. ಪುಸ್ತಕದಲ್ಲಿ ಗಿರಾಕಿಗಳ ಹೆಸರೇ ಇಲ್ಲ. 'ದೊಡ್ಡ ಮೂಗುತಿ', 'ಹಲಸಿನ ಮರದ ಮನೆ', 'ಕಿವುಡ ಅಜ್ಜ', 'ಮೇಸ್ತ್ರಿಯ ಅಕ್ಕ' ಹೀಗೆ ಗುರುತುಗಳಿವೆ.

1997ರ ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆ ಬಿದ್ದ ದಿನ, ಇಳಿಜಾರಿನಲ್ಲಿ ಒದ್ದೆ ಎಲೆಗಳ ಮೇಲೆ ಸೈಕಲ್ ಜಾರಿ ಅಬ್ಬಾನ ಕಾಲು ಮುರಿಯಿತು. ಆ ಮೇಲೆ ಅವರು ಬೆಟ್ಟ ಹತ್ತಲಿಲ್ಲ. ಪೇಟೆಯಲ್ಲಿ ಪೀಸು ಬಟ್ಟೆಯ ಸಣ್ಣ ಅಂಗಡಿ ಇಟ್ಟರು. ಪುಸ್ತಕ ಅಮ್ಮಿಯ ಟ್ರಂಕಿಗೆ ಹೋಯಿತು. 2020ರಲ್ಲಿ ಅವರು ತೀರಿಕೊಂಡರು. ನಲವತ್ತು ದಿನ ಕಳೆದ ಮೇಲೆ ಅಮ್ಮಿ ಟ್ರಂಕು ತೆಗೆದು, 'ಇದರಲ್ಲಿ ಯಾರದೋ ಮುಂಗಡ ಉಳಿದಿದೆಯಂತೆ. ಎರಡು ಸಲ ಹೇಳಿದ್ದರು. ಅದನ್ನು ತೀರಿಸದೆ ನೀವು ಅಂಗಡಿ ಹಂಚಿಕೊಳ್ಳಬೇಡಿ' ಎಂದರು.

ಅಮ್ಮಿಯ ಮಾತಿನಲ್ಲಿ ಧರ್ಮದ ಲೆಕ್ಕವೂ ಇತ್ತು. ಸತ್ತವರ ಆಸ್ತಿ ಹಂಚುವ ಮೊದಲು ಅವರ ಸಾಲ ತೀರಬೇಕು, ಅದು ಎಷ್ಟೇ ಸಣ್ಣದಿರಲಿ. ಬರಬೇಕಾದ್ದನ್ನು ಬಿಟ್ಟುಬಿಡಬಹುದು, ಕೊಡಬೇಕಾದ್ದನ್ನು ಬಿಡುವಂತಿಲ್ಲ. ಹುಡುಕಿದಾಗ ಕೊನೆಯ ಪುಟದ ಹಿಂದಿನ ಪುಟದಲ್ಲಿ ಆ ಸಾಲು ಸಿಕ್ಕಿತು: 'ಮೇಸ್ತ್ರಿಯ ಅಕ್ಕ, ಮಗಳ ಶಾದಿ ಸೀರೆ, ಹಸಿರು, 150 ಜಮಾ.' ಊರಿನ ಹೆಸರಿನ ಜಾಗದಲ್ಲಿ ನಾಲ್ಕು ಅಕ್ಷರ: ಬೇ, ಲಾಮ್, ವಾವ್, ರೇ. ಸ್ವರ ಚಿಹ್ನೆ ಒಂದೂ ಇಲ್ಲ. ನಾವು ಬೇಲೂರು ಎಂದು ಓದಿದೆವು. ಎಲ್ಲರಿಗೂ ಗೊತ್ತಿರುವ ಊರು ಅದೇ ತಾನೆ. ಮರುವರ್ಷ ಒಂದು ಭಾನುವಾರ ಕಾರಿನಲ್ಲಿ ಬೇಲೂರು ಸೀಮೆಯ ತೋಟಗಳನ್ನೆಲ್ಲ ಸುತ್ತಿ, ಸೈಕಲ್ಲಿನಲ್ಲಿ ಬಟ್ಟೆ ತರುತ್ತಿದ್ದ ಸಾಬರನ್ನು ಕಂಡವರಿದ್ದಾರೆಯೇ ಎಂದು ಕೇಳಿ, ಸಂಜೆ ಬರಿಗೈಲಿ ಮರಳಿದೆವು.

ನಾವು ಸೈಕಲ್ ಹತ್ತಿದ್ದು ಆ ಕಾಲದಲ್ಲೇ. ಒಬ್ಬನಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬನಿಗೆ ರಕ್ತದೊತ್ತಡ, ಕೊರೊನಾ ಕಾಲದ ಖಾಲಿ ರಸ್ತೆಗಳು, ಡಾಕ್ಟರರ ಒತ್ತಾಯ. ಮೊದಲು ಐದು ಕಿಲೋಮೀಟರ್, ಆಮೇಲೆ ಇಪ್ಪತ್ತು, ಐವತ್ತು. ಆಗ ಒಂದು ಸಂಗತಿ ನಮಗೆ ತಿಳಿಯಿತು. ಕಾರಿನಲ್ಲಿ ಕೂತವನಿಗೆ ದೂರ ಎಂದರೆ ಗಂಟೆ, ಸೈಕಲ್ಲಿನವನಿಗೆ ದೂರ ಎಂದರೆ ತೊಡೆ. ಯಾವ ಊರಿನಿಂದ ಯಾವ ಊರಿಗೆ ಒಂದು ದಿನದಲ್ಲಿ ಹೋಗಲು ಸಾಧ್ಯ ಎಂಬುದನ್ನು ಕಾಲುಗಳೇ ಹೇಳತೊಡಗಿದವು. ಒಂದು ರಾತ್ರಿ ಮತ್ತೆ ಆ ಪುಟ ತೆರೆದಾಗ ಲೆಕ್ಕ ಬರೆಯುವವನು ಬೆರಳಿಟ್ಟು ತೋರಿಸಿದ: 'ನೋಡು, ಹಿಂದಿನ ಸಾಲು ಬಣಕಲ್, ಮುಂದಿನ ಸಾಲು ಕೆಳಗೂರು, ಅದರ ಮುಂದೆ ಹಿರೇಬೈಲು. ತಾರೀಖು ಒಂದೇ. ನಡುವೆ ಬೇಲೂರಿಗೆ ಹೇಗೆ ಹೋಗುತ್ತಾರೆ?' ಬಣಕಲ್‌ನಿಂದ ಬೇಲೂರು ಪೂರ್ವಕ್ಕೆ, ತಿರುಗಿ ನಡೆದರೆ ದಿನದ ದಾರಿ. ಕೆಳಗೂರು ಇರುವುದು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ರಸ್ತೆಯಲ್ಲಿ. ಆ ರಸ್ತೆಯಲ್ಲಿ ಒಂದು ಬಾಳೂರು ಇದೆ! ಉರ್ದುವಿನಲ್ಲಿ ಳಕಾರವಿಲ್ಲ. ಅಬ್ಬಾ ಅಲಿಫನ್ನೂ ಬರೆದಿರಲಿಲ್ಲ. ಎರಡು ಭಾಷೆ ಓದಿಯೂ ನಮಗೆ ಆಗದ ಓದನ್ನು ಸೈಕಲ್ ಮಾಡಿಸಿತ್ತು.

2024ರ ಡಿಸೆಂಬರಿನಲ್ಲಿ, ಅಬ್ಬಾನ ಪುಸ್ತಕದ ಕ್ರಮದಲ್ಲೇ ಹೊರಟೆವು. ನಾಲ್ಕು ದಿನ, ಸುಮಾರು ನೂರೆಂಬತ್ತು ಕಿಲೋಮೀಟರಿನ ಸುತ್ತು: ಚಿಕ್ಕಮಗಳೂರು, ಆಲ್ದೂರು, ಬಣಕಲ್, ಕೊಟ್ಟಿಗೆಹಾರ, ಬಾಳೂರು, ಕಳಸ, ಮಾಗುಂಡಿ, ಬಾಳೆಹೊನ್ನೂರು, ಮತ್ತೆ ಆಲ್ದೂರು. ಒಬ್ಬನ ಚೀಲದಲ್ಲಿ ಪಂಪು, ಪ್ಯಾಚು, ಎರಡು ಟ್ಯೂಬು. ಇನ್ನೊಬ್ಬನ ಚೀಲದಲ್ಲಿ ಉಧಾರಿ ಪುಸ್ತಕ ಮತ್ತು ಹಸಿರು ಸೀರೆ. ಸಾಲ ನೂರೈವತ್ತೇ ಆದರೂ ಇಪ್ಪತ್ತೇಳು ವರ್ಷದ ಮೇಲೆ ಆ ಹಣ ಹಿಡಿದು ನಿಲ್ಲಲು ನಾಚಿಕೆ. ಮಸೀದಿಯ ಮೌಲ್ವಿಯವರನ್ನು ಕೇಳಿದಾಗ, 'ಕೊಡಬೇಕಾದದ್ದು ನೂರೈವತ್ತು. ಮೇಲಿನದು ನಿಮ್ಮ ಒಳ್ಳೆಯತನ' ಎಂದಿದ್ದರು. ಹಣವನ್ನೂ ಸೀರೆಯನ್ನೂ ಇಟ್ಟುಕೊಂಡೆವು.

ಬಾಬಾಬುಡನ್‌ಗಿರಿಯ ಕಡೆಗೇ ಏಕೆ ಹೋಗಲಿಲ್ಲ ಎಂದು ಗೆಳೆಯರು ಕೇಳುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಯೆಮನ್ನಿನ ಮೋಖಾದಿಂದ ಏಳು ಕಾಫಿ ಬೀಜ ತಂದು ನೆಟ್ಟರೆಂದು ಹೇಳುವ ಫಕೀರರ ಬೆಟ್ಟ ಅದು. ನಮ್ಮ ಜಿಲ್ಲೆ ಉಣ್ಣುವ ಅನ್ನಕ್ಕೆ ಆ ಕಥೆಯ ಋಣವಿದೆ. 1,930 ಮೀಟರಿನ ಮುಳ್ಳಯ್ಯನಗಿರಿಯೂ ಅಲ್ಲೇ ಪಕ್ಕದಲ್ಲಿ. ಆದರೆ ವಾರಾಂತ್ಯಗಳಲ್ಲಿ ಆ ರಸ್ತೆಯಲ್ಲಿ ಕಾರುಗಳು ಇರುವೆ ಸಾಲಿನಂತೆ ನಿಲ್ಲುತ್ತವೆ. ಡಿಸೆಂಬರಿನಲ್ಲಿ ಬ್ಯಾರಿಕೇಡುಗಳೂ ಪೊಲೀಸರೂ ಇರುತ್ತಾರೆ. ನಮಗೆ ಬೇಕಾಗಿದ್ದದ್ದು ಸದ್ದಿಲ್ಲದ ದಾರಿ.

ಸದ್ದಿಲ್ಲದ ದಾರಿ ತಾನಾಗಿ ಸಿಗುವುದಿಲ್ಲ, ದೊಡ್ಡ ರಸ್ತೆ ಬಿಡುವ ಧೈರ್ಯ ಮಾಡಬೇಕು. ಆಲ್ದೂರಿನ ಬಳಿ ನಾವು ಹಾಗೆ ಬಿಟ್ಟು ತೋಟಗಳ ನಡುವಿನ ರಸ್ತೆ ಹಿಡಿದೆವು. ಇಂಥ ಎಷ್ಟೋ ರಸ್ತೆಗಳು ಕಾಫಿ ಮೂಟೆ ಹೊತ್ತ ಎತ್ತಿನ ಗಾಡಿಗಳು ಓಡಾಡಿದ ಜಾಡು. ಎತ್ತು ನೇರ ಏರಲಾರದು. ಹಾಗಾಗಿ ರಸ್ತೆಯೂ ಗುಡ್ಡದ ಸೊಂಟವನ್ನು ಬಳಸಿ, ಉಸಿರು ಬಿಡಲು ಜಾಗ ಕೊಟ್ಟು ಏರುತ್ತದೆ. ಎತ್ತಿಗೆ ಒಪ್ಪಿದ ಏರು ನಲವತ್ತು ದಾಟಿದ ಮನುಷ್ಯನಿಗೂ ಒಪ್ಪುತ್ತದೆ. ಮೇಲೆ ಸಿಲ್ವರ್ ಓಕ್ ಮರಗಳು, ಅವುಗಳನ್ನು ತಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕೆಂಪು ಹಣ್ಣು ತುಂಬಿದ ಕಾಫಿ ಗಿಡ. ತೋಟದ ಬಾಗಿಲಲ್ಲಿ ದನ ನುಗ್ಗದಂತೆ ಹಾಸಿದ ಕಬ್ಬಿಣದ ಸರಳುಗಳ ಮೇಲೆ ಮಾತ್ರ ಇಳಿದು ನಡೆಯಬೇಕು. ಚಕ್ರ ಸಿಕ್ಕಿಕೊಂಡರೆ ಹಲ್ಲು ಉಳಿಯುವುದಿಲ್ಲ.

ಕಾರಿನಲ್ಲಿ ಇದೇ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇವೆ. ಆದರೆ ಈ ದಾರಿಗೆ ಇಷ್ಟು ದನಿಗಳಿವೆ ಎಂದು ತಿಳಿದಿರಲಿಲ್ಲ. ಕಾಡುಕೋಳಿಯ ಕೂಗು, ಮರದಿಂದ ಮರಕ್ಕೆ ಹಾರುವ ಕೆಂಜಳಿಲಿನ ಕೆರಳಿದ ದನಿ, ಗಿಡಗಳ ಮರೆಯಲ್ಲಿ ಹಣ್ಣು ಬಿಡಿಸುವವರ ಮಾತು. ಮೊದಲು ತಮಿಳು ಮತ್ತು ತುಳು ಕೇಳಿಸುತ್ತಿದ್ದ ಕಡೆ ಈಗ ದೂರದ ಅಸ್ಸಾಮಿನಿಂದ ಬಂದವರ ಮಾತೂ ಕೇಳುತ್ತದೆ. ಕಾರ್ಮಿಕನೊಬ್ಬ ನಮ್ಮನ್ನು ತಡೆದು, 'ಸಂಜೆ ಐದಕ್ಕೆ ಮೊದಲೇ ಊರು ಸೇರಿಕೊಳ್ಳಿ, ಆನೆ ಇದೆ' ಎಂದ. ಆಲ್ದೂರು, ಮೂಡಿಗೆರೆ ಕಡೆ ಈಚಿನ ವರ್ಷಗಳಲ್ಲಿ ಕೆಲಸಕ್ಕೆ ಹೋದವರು ಆನೆಯ ಕಾಲಿಗೆ ಸಿಕ್ಕಿ ಸತ್ತದ್ದುಂಟು. ಸೈಕಲ್ಲಿಗೆ ಸದ್ದಿಲ್ಲ ಎಂಬುದು ಅದರ ಸುಖವೂ ಹೌದು, ಅಪಾಯವೂ ಹೌದು. ತಿರುವಿನಾಚೆ ನಿಂತ ಆನೆಗೆ ನಾವು ಬರುವುದು ತಿಳಿಯುವುದಿಲ್ಲ. ಹೋಗುವವರು ಬೆಳಕು ಹರಿದ ಮೇಲೆ ಹೊರಟು, ಬೆಳಕಿರುವಾಗಲೇ ನಿಲ್ಲಬೇಕು. ತಿರುವಿನಲ್ಲಿ ಗಂಟೆ ಬಾರಿಸಬೇಕು. ದಾರಿಯವರು ಬೇಡವೆಂದ ದಾರಿಗೆ ಇಳಿಯಬಾರದು.

ಏರಿನಲ್ಲಿ ನಾವು ಪದೇ ಪದೇ ಮಾತಾಡಿದ್ದು ಅಬ್ಬಾನ ಸೈಕಲ್ಲಿನ ಬಗ್ಗೆ. ಮುಂದೆ 44 ಹಲ್ಲಿನ ಚಕ್ರ, ಹಿಂದೆ 18 ಹಲ್ಲಿನದು. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗಬೇಕು. ಸಮತಟ್ಟಿಗೆ ಅದು ಸರಿ, ಬೆಟ್ಟಕ್ಕೆ ಅದು ಶಿಕ್ಷೆ. ನಮ್ಮ ಗೇರಿನ ಸೈಕಲ್ಲುಗಳಲ್ಲಿ ಮುಂದಿನ ಸಣ್ಣ ಚಕ್ರ 28, ಹಿಂದಿನ ದೊಡ್ಡದು 34. ಒಂದು ಸುತ್ತಿಗೆ ಎರಡು ಮೀಟರೂ ಇಲ್ಲ. ನಿಧಾನವಾಗಿ, ಆದರೆ ಕುಳಿತೇ ಏರಬಹುದು. ಅಬ್ಬಾ ಏರನ್ನೆಲ್ಲ ತಳ್ಳಿಕೊಂಡೇ ಹೋಗಿರಬೇಕು, ಹಿಂದೆ ಮೂವತ್ತು ಕಿಲೋ ಬಟ್ಟೆ. ತೀರಾ ಆಗದ ದಿನ ಬಸ್ಸಿನ ಟಾಪಿಗೆ ಸೈಕಲ್ ಹಾಕಿಸುತ್ತಿದ್ದರಂತೆ. ಪುಸ್ತಕದಲ್ಲಿ ಅಲ್ಲಲ್ಲಿ 'ಬಸ್' ಎಂದು ಬರೆದ ಸಾಲುಗಳಿವೆ. ಕಾರ್ಮಿಕರೇ ಕೂಡಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ಈ ಭಾಗದ ಬಡವರ ಕಾಲುಗಳಾಗಿದ್ದವು. ಅವು 2020ರಲ್ಲಿ ನಿಂತವು. ಅದೇ ವರ್ಷದ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನಲ್ಲಿದ್ದ ಅಟ್ಲಾಸ್ ಕಾರ್ಖಾನೆಯ ಕೆಲಸವೂ ನಿಂತಿತು. ಅಬ್ಬಾ ಹೋದದ್ದೂ ಅದೇ ವರ್ಷ. ಕಥೆ ಬರೆಯುವವನು ಇದನ್ನೇ ಹಿಡಿದು ಏನೋ ಹೇಳಹೊರಟಾಗ ಇನ್ನೊಬ್ಬ, 'ಇದು ಕಥೆಯಲ್ಲ, ಸಾಲ. ಪೆಡಲು ತುಳಿ' ಎಂದ.

ಮೊದಲ ರಾತ್ರಿ ಬಣಕಲ್‌ನಲ್ಲಿ ಪರಿಚಯದವರ ಮನೆಯಲ್ಲಿ ಕಳೆದು ಬೆಳಿಗ್ಗೆ ಕೊಟ್ಟಿಗೆಹಾರ ತಲುಪಿದೆವು. ಈ ಸುತ್ತಿನಲ್ಲಿ ಹೆದ್ದಾರಿಯ ಗದ್ದಲ ಇರುವುದು ಇಲ್ಲಿ ಮಾತ್ರ. ಮಂಗಳೂರಿಗೆ ಚಾರ್ಮಾಡಿ ಘಾಟಿ ಇಳಿಯುವ 73ನೆಯ ರಾಷ್ಟ್ರೀಯ ಹೆದ್ದಾರಿ ಇದು. ರಸ್ತೆಯ ಅಂಚು ಹಿಡಿದು, ಸಾಲಾಗಿ, ಮಾತಿಲ್ಲದೆ ಹೋಗಬೇಕು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದು ಮಲೆನಾಡಿಗೆ ಮಾಡುವ ಅವಮಾನ, ತಲಾ ಆರು ತಿಂದೆವು. ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಈ ಊರಲ್ಲೇ. ಅವರ ಬರಹ ಓದಿ ಬೆಳೆದ ನಮಗೆ ಈ ಬೆಟ್ಟಗಳ ಮೊದಲ ಪರಿಚಯ ಪುಸ್ತಕದಲ್ಲಿ ಆಗಿತ್ತು. ನಮ್ಮ ಅಪ್ಪ ಅದೇ ಬೆಟ್ಟಗಳಿಂದ ರಾತ್ರಿ ಮನೆಗೆ ಬಂದು ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಹಾಕುತ್ತಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ಆಗ ಬರಲಿಲ್ಲ.

ಕೊಟ್ಟಿಗೆಹಾರದಲ್ಲಿ ಹೆದ್ದಾರಿ ಬಿಟ್ಟು ಕಳಸದ ರಸ್ತೆಗೆ ಹೊರಳಿದರೆ, ಬಾಗಿಲು ಮುಚ್ಚಿದಂತೆ ಸದ್ದು ನಿಲ್ಲುತ್ತದೆ. ಮುಂದೆ ಕಳಸದವರೆಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಏರು ಇಳಿವಿನ ದಾರಿ. ಹೇಮಾವತಿ ಹುಟ್ಟುವ ಜಾವಳಿ ಈ ಸೀಮೆಯಲ್ಲೇ ಇದೆ. ಪಶ್ಚಿಮಕ್ಕೆ ಬಲ್ಲಾಳರಾಯನ ದುರ್ಗದ ಬೋಳು ನೆತ್ತಿ, ಕೆಳಗೂರಿನ ಕಡೆ ಕತ್ತರಿಸಿದಂತೆ ಮಟ್ಟಸವಾದ ಟೀ ತೋಟ. ನಡುನಡುವೆ ಗುಡ್ಡ ಜಾರಿದ ಕೆಂಪು ಗಾಯಗಳೂ ಕಾಣುತ್ತವೆ. 2019ರ ಆಗಸ್ಟ್ ಮಳೆ ಈ ತಾಲ್ಲೂಕಿನ ಎಷ್ಟೋ ಮನೆ ತೋಟಗಳನ್ನು ಕೊಚ್ಚಿಕೊಂಡು ಹೋಗಿತ್ತು.

ಬಾಳೂರಿಗೆ ಸ್ವಲ್ಪ ಮೊದಲು, ಸೈಕಲ್ ಒರಗಿಸಿ ನೀರು ಕುಡಿಯುತ್ತಿದ್ದಾಗ ಮೂವರು ಯುವಕರು ಬೈಕಿನಲ್ಲಿ ಬಂದು ನಿಂತರು. ಎಲ್ಲಿಂದ, ಎಲ್ಲಿಗೆ, ಹೆಸರೇನು? ಹೆಸರು ಹೇಳಿದ ಮೇಲೆ, 'ಬ್ಯಾಗಿನಲ್ಲಿ ಏನಿದೆ?' ಎಂಬ ಪ್ರಶ್ನೆ. 2022ರಲ್ಲಿ ಜಾತ್ರೆಗಳಲ್ಲಿ ನಮ್ಮವರು ಅಂಗಡಿ ಹಾಕಬಾರದು ಎಂಬ ಬ್ಯಾನರುಗಳನ್ನು ಕಂಡವರು ನಾವು. ಎದೆ ಒಂದು ಕ್ಷಣ ಏರಿನಲ್ಲಿ ಬಡಿದುಕೊಳ್ಳುವಂತೆ ಬಡಿದುಕೊಂಡಿತು. ಸೀರೆ ತೋರಿಸಿದೆವು. ಪುಸ್ತಕ ತೋರಿಸಿದೆವು. 'ಇದರಲ್ಲಿ ಏನು ಬರೆದಿದೆ, ಓದಿ' ಎಂದರು. ಓದಿದೆವು: ಬಣಕಲ್, ದೊಡ್ಡ ಮೂಗುತಿ, ಟವಲು ಎರಡು, ಬಾಕಿ ಹನ್ನೆರಡು. ಹಿರೇಬೈಲು, ಹಲಸಿನ ಮರದ ಮನೆ, ಲುಂಗಿ ಒಂದು, ಚುಕ್ತಾ. ಒಬ್ಬ, 'ಹಿರೇಬೈಲು ನಮ್ಮಜ್ಜಿ ಊರು' ಎಂದ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತು ನಿಂತು, 'ಹೋಗಿ, ಮುಂದೆ ಅಂಗಡಿ ಹತ್ತಿರ ಹಳೇ ರೈಟರು ಇರ್ತಾರೆ, ಕೇಳಿ' ಎಂದು ಬೈಕ್ ತಿರುಗಿಸಿದರು. ಇದನ್ನು ಸೌಹಾರ್ದದ ಘಟನೆ ಎಂದು ಬರೆಯಲೂ ಮನಸ್ಸಿಲ್ಲ, ದ್ವೇಷದ ಘಟನೆ ಎಂದು ಬರೆಯಲೂ ಮನಸ್ಸಿಲ್ಲ. ಅಬ್ಬಾನನ್ನು ಇಪ್ಪತ್ತು ವರ್ಷ ಯಾರೂ ಗಂಟು ಬಿಚ್ಚಿ ತೋರಿಸು ಎಂದದ್ದು ಕೊಳ್ಳುವುದಕ್ಕಾಗಿ ಮಾತ್ರ. ಅಷ್ಟು ಹೇಳಿದರೆ ಸಾಕು.

ತೋಟದ ನಿವೃತ್ತ ರೈಟರು ಸಿಕ್ಕರು. ಎಂಬತ್ತರ ವಯಸ್ಸು. 'ಸೈಕಲ್ ಸಾಬರು! ಗಂಟು ಬಿಚ್ಚುವ ಮೊದಲು ಎಲೆಯಡಿಕೆ ಕೇಳುತ್ತಿದ್ದರು' ಎಂದರು. ನಮಗೆ ಗೊತ್ತಿದ್ದ ಅಬ್ಬಾ ಎಲೆಯಡಿಕೆ ಹಾಕುತ್ತಿರಲಿಲ್ಲ! ಮೇಸ್ತ್ರಿಯ ಅಕ್ಕ ತೀರಿಕೊಂಡು ಹತ್ತು ವರ್ಷವಾಯಿತಂತೆ. ಮಗಳನ್ನು ಮಾಗುಂಡಿ ಕಡೆ ಕೊಟ್ಟಿದೆ ಎಂದು ಹೇಳಿ, ಊರು ತೋಟದ ಗುರುತು ಕೊಟ್ಟರು. ಹೆಸರು ಗೊತ್ತಿದ್ದೂ ಅವರು ಹೇಳಿದ್ದು ಅಬ್ಬಾನ ಹಾಗೆ ಗುರುತನ್ನೇ: 'ಕಣದ ಪಕ್ಕದ ಮನೆ.'

ರಾತ್ರಿ ಕಳಸದಲ್ಲಿ ತಂಗಿದೆವು. ಇಲ್ಲಿಂದ ಹೊರನಾಡು ಎಂಟು ಕಿಲೋಮೀಟರ್. ಮಳೆಗಾಲದಲ್ಲಿ ಆ ದಾರಿಯ ಹೆಬ್ಬಾಳೆ ಸೇತುವೆಯನ್ನು ಭದ್ರೆ ಮುಳುಗಿಸುವ ಸುದ್ದಿಯನ್ನು ಚಿಕ್ಕಂದಿನಿಂದ ಪತ್ರಿಕೆಯಲ್ಲಿ ಓದುತ್ತಾ ಬಂದವರು ನಾವು. ಆದರೆ ನಮ್ಮ ದಾರಿ ಉತ್ತರಕ್ಕೆ, ಮಾಗುಂಡಿಯ ಕಡೆಗೆ. ಮೂರನೆಯ ದಿನದ ಆ ದಾರಿ ಇಡೀ ಸುತ್ತಿನಲ್ಲೇ ಚೆನ್ನಾಗಿತ್ತು. ಮಂಜು ಕರಗುವಾಗಿನ ತಂಪು, ಗುಡ್ಡದ ನೆರಳು, ಮರೆಯಾಗಿ ಮತ್ತೆ ಜೊತೆಯಾಗುವ ಭದ್ರಾ ನದಿ, ಗಂಟೆಗೊಮ್ಮೆ ಒಂದು ಬಸ್ಸು. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿಯಬಾರದು, ಬಿಟ್ಟು ಬಿಟ್ಟು ಹಿಡಿಯಬೇಕು, ಇಲ್ಲದಿದ್ದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ಒದ್ದೆ ಎಲೆ ಕಂಡ ಕಡೆ ಮುಂದಿನ ಬ್ರೇಕು ಮುಟ್ಟಲೇಬಾರದು. ಈ ಪಾಠವನ್ನು ನಮಗೆ ಹೇಳಿಕೊಟ್ಟದ್ದು ಅಬ್ಬಾನ ಮುರಿದ ಕಾಲು.

ಕಣದ ಪಕ್ಕದ ಮನೆ ಸಿಕ್ಕಿತು. ಐವತ್ತರ ಹತ್ತಿರದ ಹೆಂಗಸು ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದರು. ನಾವು ಹೇಳುವುದನ್ನೆಲ್ಲ ಕೈ ನಿಲ್ಲಿಸದೆ ಕೇಳಿಸಿಕೊಂಡರು. ಆಮೇಲೆ ಗೋರೆ ಒರಗಿಸಿ, 'ಸೀರೆ ಬರಲಿಲ್ಲ. ಅಮ್ಮ ನಾಲ್ಕು ದಿನ ರಸ್ತೆ ನೋಡಿದಳು. ಕೊನೆಗೆ ಪಕ್ಕದ ಲೈನಿನವರ ಸೀರೆ ಉಟ್ಟು ನನ್ನ ಮದುವೆ ಆಯಿತು' ಎಂದರು. ನಮಗೆ ತಲೆ ಎತ್ತಲಾಗಲಿಲ್ಲ. ಅವರೇ ಮುಂದುವರಿಸಿದರು: 'ಎಲ್ಲರೂ ಸಾಬ ಮೋಸ ಮಾಡಿದ ಅಂದರು. ಅಮ್ಮ ಮಾತ್ರ, ಅವರಿಗೆ ಏನೋ ಆಗಿದೆ, ಇಲ್ಲದಿದ್ದರೆ ಬರುತ್ತಿದ್ದರು ಅಂತಿದ್ದಳು. ಸಾಯುವವರೆಗೂ ಅದನ್ನೇ ಅಂದಳು.'

ಅಬ್ಬಾ ಯಾಕೆ ಹೇಳಿ ಕಳಿಸಲಿಲ್ಲ? ಬಸ್ಸಿನ ಕಂಡಕ್ಟರರ ಕೈಲಿ ಒಂದು ಸೀರೆ ಕೊಟ್ಟುಕಳಿಸಬಹುದಿತ್ತು. ಮೊದಲು ನೋವು, ಆಮೇಲೆ ಆಸ್ಪತ್ರೆಯ ಖರ್ಚು, ಮದುವೆಯ ದಿನ ದಾಟಿದ ಮೇಲೆ ನಾಚಿಕೆ. ನಾಚಿಕೆಗೆ ವಯಸ್ಸಾದರೆ ಅದು ಮೌನವಾಗುತ್ತದೆ. ನಮ್ಮ ಅಪ್ಪ ದೊಡ್ಡವರೆಂದು ಹೇಳಿಕೊಳ್ಳಲು ಹೊರಟವರು ನಾವು. ದೊಡ್ಡವರಾಗಿದ್ದವರು ಬಾಳೂರಿನ ಲೈನು ಮನೆಯಲ್ಲಿ ಇದ್ದರು, ಅವರ ಹೆಸರೂ ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ನೂರೈವತ್ತು ರೂಪಾಯಿಯನ್ನು ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಸೀರೆ ಬಿಚ್ಚಿ ಅಂಚು ನೋಡಿ, 'ನಾನು ಕೆಂಪು ಕೇಳಿದ್ದೆ, ಅಮ್ಮನೇ ಹಸಿರು ಅಂದದ್ದು' ಎಂದು ಮೊದಲ ಸಲ ನಕ್ಕರು. ಆಮೇಲೆ ಒಂದು ಮಾತು ಕೇಳಿದರು: 'ಆ ಪುಸ್ತಕದಲ್ಲಿ ನಮ್ಮಮ್ಮನ ಬಾಕಿ ಏನಾದರೂ ಇದೆಯಾ, ನೋಡಿ.' ಪುಟ ತಿರುವಿದೆವು. ಇತ್ತು. ಮಾರ್ಚಿ ತಿಂಗಳಲ್ಲಿ ರವಿಕೆ ಕಣ ಒಂದು, ಬಾಕಿ ಇಪ್ಪತ್ತು. ಅದೆಲ್ಲ ಮಾಫ್ ಆಗಿದೆ, ನಮ್ಮ ತಾಯಿ ಬಿಟ್ಟಿದ್ದಾರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. 'ನಿಮ್ಮ ಅಪ್ಪನಿಗೆ ಒಂದು ಲೆಕ್ಕ, ನಮ್ಮ ಅಮ್ಮನಿಗೆ ಒಂದು ಲೆಕ್ಕವಾ?' ಎಂದು ಒಳಗಿನಿಂದ ಇಪ್ಪತ್ತರ ನೋಟು ತಂದು ಕೊಟ್ಟರು. ಲೆಕ್ಕ ಬರೆಯುವವನು ಅದನ್ನು ತೆಗೆದುಕೊಂಡು, ಎರಡೂ ಸಾಲುಗಳನ್ನು ಅವರ ಎದುರಿಗೇ ಹೊಡೆದು ಹಾಕಿದ. ಬೆಲ್ಲದ ಕಾಫಿ ಕುಡಿದು ಎದ್ದೆವು.

ಬಾಳೆಹೊನ್ನೂರಿನಲ್ಲಿ ಉಳಿದು, ನಾಲ್ಕನೆಯ ದಿನ ಆಲ್ದೂರಿನ ಮೇಲೆ ಸುಮಾರು ಐವತ್ತು ಕಿಲೋಮೀಟರ್ ತುಳಿದು ಮನೆ ಸೇರಿದೆವು. ಕೊನೆಯ ಏರುಗಳಲ್ಲಿ ಇಬ್ಬರೂ ಇಳಿದು ತಳ್ಳಿದೆವು. ಗೇರು ಇದ್ದರೂ ತಳ್ಳಿದೆವು. ಹೋಗುವವರಿಗೆ ಹೇಳುವುದಾದರೆ ನವೆಂಬರ್ ಕೊನೆಯಿಂದ ಜನವರಿಯವರೆಗೆ ಹೋಗಿ. ಇಲ್ಲವೇ ಬೇಸಗೆಯ ಮೊದಲ ಹೂಮಳೆ ಬಿದ್ದು ಒಂದು ವಾರ ಕಳೆದ ಮೇಲೆ ಹೋಗಿ. ಆಗ ಕಾಫಿ ಗಿಡಗಳೆಲ್ಲ ಬೆಳ್ಳಗೆ ಹೂ ಹೊತ್ತು, ನಾಲ್ಕು ದಿನ ಇಡೀ ದಾರಿ ಮಲ್ಲಿಗೆಯಂತೆ ನಾರುತ್ತದೆ. ಅಂಗಡಿ ಸಿಕ್ಕ ಕಡೆ ನಿಂತು ಏನಾದರೂ ಕೊಳ್ಳಿ, ಯಾರನ್ನಾದರೂ ದಾರಿ ಕೇಳಿ. ಕೈಯಲ್ಲಿ ನಕ್ಷೆ ಇದ್ದರೂ ಕೇಳಿ.

ಅಮ್ಮಿ ಇಪ್ಪತ್ತರ ನೋಟನ್ನು ಮಡಿಸಿ ಉಧಾರಿ ಪುಸ್ತಕದ ಅದೇ ಪುಟದಲ್ಲಿ ಇಟ್ಟರು. ಖರ್ಚು ಮಾಡಬೇಡಿ ಎಂದರು. ಟ್ರಂಕಿನ ಬೀಗ ಹಾಕುತ್ತಾ, 'ಮುಂದಿನ ಸಲ ಹೋದಾಗ ಆಕೆಗೆ ಕೆಂಪು ಸೀರೆ ತಗೊಂಡು ಹೋಗಿ, ಅದು ಸಾಲವಲ್ಲ' ಎಂದರು.